ಕಂಡೆಮ್ ಆದ ಕುರ್ಚಿ

ನಮ್ಮ ಮನೆಯಲ್ಲಿ ಒಂದು ಮಾತನ್ನು ಯಾರೂ ಆಡಬಾರದು ಎಂದು ನಾನು ಕಟ್ಟುನಿಟ್ಟು ಮಾಡಿದ್ದೇನೆ. ಅದು ಬೈಗುಳವೇನಲ್ಲ. ಬೈಗುಳಗಳಿಗೆ ನಮ್ಮಲ್ಲಿ ಸಾಕಷ್ಟು ಸ್ವಾತಂತ್ರ್ಯವಿದೆ. ಅದು ಇಂಗ್ಲಿಷಿನ 'ಕಂಡೆಮ್' ಎಂಬ ಮಾತು. ಸ್ಟೌ ರಿಪೇರಿಯವನು ಬಂದು, ಬರ್ನರನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಕಂಡಮ್ ಆಗೋಗಿದೆ ಸಾರ್" ಎಂದು ಬಾಯಿ ತೆರೆಯುವಷ್ಟರಲ್ಲಿ ನಾನು ಅವನನ್ನು ತಡೆದು, "ಕೆಟ್ಟಿದೆ ಅನ್ನಪ್ಪ, ಹಾಳಾಗಿದೆ ಅನ್ನು, ಬೇಕಾದ್ರೆ ನನ್ನನ್ನೇ ಎರಡು ಮಾತು ಬೈದುಬಿಡು, ಅದೊಂದು ಬೇಡ" ಎನ್ನುತ್ತೇನೆ. ಅವನು ಸರೋಜಳ ಮುಖ ನೋಡುತ್ತಾನೆ. ಸರೋಜ, ಅಂದರೆ ನನ್ನ ಹೆಂಡತಿ, ನೆಲ ನೋಡುತ್ತಾಳೆ. ನಮ್ಮ ಬಡಾವಣೆಯ ಕನ್ನಡ ಸಂಘದವರು ಇದನ್ನು ಭಾಷಾಭಿಮಾನ ಎಂದು ತಿಳಿದು ಒಂದು ಸಲ ನನಗೆ ಹಾರ ಹಾಕಿ ಭಾಷಣವನ್ನೂ ಮಾಡಿಸಿದರು. ಅದು ಅಭಿಮಾನವಲ್ಲ, ಭಯ ಎಂದು ಆ ಸಭೆಯಲ್ಲಿ ಹೇಳುವ ಧೈರ್ಯ ನನಗೆ ಬರಲಿಲ್ಲ. ಹಾರ ಬೇರೆ ಚೆನ್ನಾಗಿತ್ತು.

ಬೇಡವಾದದ್ದನ್ನು ಕಳೆದುಕೊಳ್ಳುವುದಕ್ಕೆ ಕನ್ನಡದಲ್ಲಿ ಮಾತುಗಳಿಗೇನು ಬರವೇ? ಹಳಸಿದ ಸಾರನ್ನು ಚೆಲ್ಲುತ್ತೇವೆ, ಒಡೆದ ಮಡಕೆಯನ್ನು ಎಸೆಯುತ್ತೇವೆ, ಸಿಟ್ಟು ಬಂದಾಗ ಕೈಯಲ್ಲಿದ್ದದ್ದನ್ನು ಬಿಸಾಡುತ್ತೇವೆ, ಬಿಸಾಡುವಷ್ಟು ಸಿಟ್ಟಿಲ್ಲದಿದ್ದರೆ ಆಚೆ ಹಾಕುತ್ತೇವೆ. ಗಮನಿಸಿ ನೋಡಿ, ಈ ಎಲ್ಲ ಮಾತುಗಳಲ್ಲೂ ಒಂದು ಕೈ ಇದೆ. ಕೈ ಆಡಬೇಕು, ವಸ್ತು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಿ ಬೀಳಬೇಕು, ಸದ್ದಾಗಬೇಕು. ಸದ್ದಾದ ಮೇಲೆ ಒಳಗಿನಿಂದ ಯಾರಾದರೂ "ಯಾಕೆ ಬಿಸಾಡಿದ್ದು?" ಎಂದು ಕೇಳಿಯೇ ಕೇಳುತ್ತಾರೆ. ಮನಸ್ಸು ಬದಲಾದರೆ ಹೋಗಿ ಎತ್ತಿಕೊಂಡೂ ಬರಬಹುದು. ಕಂಡೆಮ್ ಹಾಗಲ್ಲ. ಅದಕ್ಕೆ ಕೈ ಬೇಡ, ಬಾಯಿ ಸಾಕು. ಕಂಡೆಮ್ ಆದದ್ದು ಎಲ್ಲಿಗೂ ಹೋಗುವುದಿಲ್ಲ, ಇದ್ದ ಜಾಗದಲ್ಲೇ ಇರುತ್ತದೆ. ಇದ್ದೂ ಇಲ್ಲವಾಗಿ ಇರುತ್ತದೆ. ನಾನು ಇದನ್ನು ನಿಘಂಟು ನೋಡಿ ಹೇಳುತ್ತಿಲ್ಲ.

ಈ ಮಾತಿನ ಪರಿಚಯ ನನಗೆ ಆದದ್ದು ನಾನು ಗುಮಾಸ್ತನಾಗಿ ಸೇರಿದ ಸರ್ಕಾರಿ ಕಚೇರಿಯಲ್ಲಿ. ಅಲ್ಲಿ ಆಯುಧಪೂಜೆಯ ದಿನ ಮೇಜು ಕುರ್ಚಿ ಬೀರುಗಳಿಗೆಲ್ಲ ಅರಿಶಿನ ಕುಂಕುಮ ಇಟ್ಟು, ಸೇವಂತಿಗೆ ಮುಡಿಸಿ, ಕಡಲೆಪುರಿ ಹಂಚುತ್ತಿದ್ದೆವು. ಅದಾದ ಕೆಲವು ದಿನಕ್ಕೆ, ಕುಂಕುಮ ಇನ್ನೂ ಅಳಿಸದೆ ಇರುವಾಗಲೇ, ಕಂಡೆಮ್ ಮಾಡುವ ಕಾರ್ಯಕ್ರಮ. ನಮ್ಮ ಸೂಪರಿಂಟೆಂಡೆಂಟರು ವೆಂಕೋಬರಾಯರು ಕೈಯಲ್ಲಿ ಊರುಗೋಲು ಹಿಡಿದು ಮುಂದೆ ನಡೆಯುವರು. ಅವರ ಹಿಂದೆ ಬಿಳಿ ಬಣ್ಣದ ಡಬ್ಬಿ, ಬ್ರಷ್ಷು ಹಿಡಿದ ಜವಾನ. ಅವನ ಹಿಂದೆ "ಹೌದು ಸಾರ್" ಎನ್ನುವುದಕ್ಕೆ ನಾನು. ರಾಯರು ಒಂದೊಂದು ಸಾಮಾನನ್ನೂ ಕೋಲಿನಿಂದ ತಟ್ಟುವರು. ಅದು ಅಲುಗಾಡಿದರೆ ಒಂದೇ ಮಾತು: "ಕಂಡೆಮ್." ಜವಾನ ಅದರ ಬೆನ್ನಿಗೆ ಅಡ್ಡಡ್ಡ ಎರಡು ಗೀಟು ಎಳೆಯುವನು. ಅಲ್ಲಿಗೆ ಮುಗಿಯಿತು. ಹರಾಜು ಆಗುವವರೆಗೆ, ಅದು ಎಷ್ಟು ವರ್ಷಕ್ಕಾದರೂ ಆಗಲಿ, ಆ ಸಾಮಾನು ಅಲ್ಲೇ ಬಿದ್ದಿರಬೇಕು. ಅದನ್ನು ಮುಟ್ಟಬಾರದು ಎಂದು ಯಾವ ಕಾನೂನೂ ಇರಲಿಲ್ಲ. ಆದರೆ ಗೀಟು ಬಿದ್ದ ಮೇಲೆ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಧೂಳು ಒರೆಸುವ ಬಟ್ಟೆ ಪಕ್ಕದ ಮೇಜಿನ ಅಂಚಿನವರೆಗೆ ಬಂದು, ಅಲ್ಲಿಂದ ಹಿಂದಕ್ಕೆ ಹೋಗುತ್ತಿತ್ತು. ಒಂದು ವರ್ಷ ರಾಯರಿಗೆ ಗಂಟಲು ಕಟ್ಟಿ, ಅವರು ತಟ್ಟಿದ್ದಕ್ಕೆಲ್ಲ ನಾನೇ ಮಾತು ಹೇಳಬೇಕಾಯಿತು. ಅವತ್ತು ಮನೆಗೆ ಬರುವಾಗ ನನ್ನ ನಡಿಗೆಯೇ ಬೇರೆಯಾಗಿತ್ತು ಎಂದು ಸರೋಜ ಈಗಲೂ ಹೇಳುತ್ತಾಳೆ.

ಆ ಕಚೇರಿಯ ಮೂಲೆಯಲ್ಲಿ ಒಂದು ಕುರ್ಚಿ ಇತ್ತು. ಒಳ್ಳೆ ತೇಗದ ಮರ, ಅಗಲವಾದ ಕೈಗಳು, ಬೆತ್ತದ ಹೆಣಿಗೆಯ ಒಂದು ಎಳೆಯೂ ಹರಿದಿರಲಿಲ್ಲ. ಬೆನ್ನ ಮೇಲೆ ಮಾತ್ರ ಬಿಳಿ ಗೀಟು. ಅದರ ಕತೆಯನ್ನು ನಾನು ಕೆಲಸಕ್ಕೆ ಸೇರಿದ ವಾರದಲ್ಲೇ ನನಗೆ ನಗುನಗುತ್ತಾ ಹೇಳಿದ್ದರು. ಹಿಂದೆ ಅದರಲ್ಲಿ ಸುಬ್ಬಣ್ಣ ಎಂಬ ಹಿರಿಯ ಗುಮಾಸ್ತರು ಕೂರುತ್ತಿದ್ದರಂತೆ. ಪಕ್ಕದ ಕುರ್ಚಿಗೆ ಬೀಳಬೇಕಾಗಿದ್ದ ಗೀಟು ಅವರದ್ದಕ್ಕೆ ಬಿತ್ತು. ಅವರು, "ಕುರ್ಚಿ ಚೆನ್ನಾಗೇ ಇದೆಯಲ್ಲ" ಎಂದು ಅದರಲ್ಲೇ ಕೂತರು. ಬರಬರುತ್ತಾ ಅವರ ಮೇಜಿಗೆ ಕಾಫಿ ಬರುವುದು ನಿಂತಿತು. ಬಾಗಿಲಲ್ಲಿ ನಮಸ್ಕಾರ ಮಾಡಿದವರು ಅವರ ಹಿಂದಿದ್ದವರನ್ನು ನೋಡಿ ಮಾಡುತ್ತಿದ್ದರು. ಕೊನೆಗೆ ಒಂದು ದಿನ ಯಾರೋ, "ಸುಬ್ಬಣ್ಣನವರೆಲ್ಲಿ?" ಎಂದು ಕೇಳಿದಾಗ, ಒಬ್ಬರು ಬೆಳಗ್ಗೆ ನೋಡಿದೆ ಎಂದರು, ಒಬ್ಬರು ಹೋದ ವರ್ಷವೇ ರಿಟೈರ್ ಆದರಲ್ಲ ಎಂದರು, ಜವಾನ ತಲೆ ಕೆರೆದುಕೊಂಡ. ಚಾಮರಾಜಪೇಟೆಯ ಮನೆಗೆ ಹೋಗಿ ವಿಚಾರಿಸಿದರೆ ಅಲ್ಲಿ ಬೇರೆ ಯಾರೋ ಬಾಡಿಗೆಗಿದ್ದರು. ಮನುಷ್ಯ ಯಾವತ್ತಿನಿಂದ ಬರುತ್ತಿಲ್ಲ ಎಂಬುದು ಕೊನೆಗೂ ಗೊತ್ತಾಗಲಿಲ್ಲ. ಕತೆ ಕೇಳಿ ನಾನೂ ಎಲ್ಲರ ಜೊತೆ ನಕ್ಕೆ.

ಅದೇ ಕುರ್ಚಿಯನ್ನು ಹರಾಜಿನಲ್ಲಿ ನಾನು ಕೊಂಡೆ. ಯಾರೂ ಪೈಪೋಟಿಗೆ ಬರಲಿಲ್ಲ. ಬರುವುದಿರಲಿ, ಹರಾಜು ಕೂಗುವವನು ಅದನ್ನು ದಾಟಿ ಮುಂದಿನ ಬೀರುವಿಗೆ ಹೋಗಿಬಿಟ್ಟಿದ್ದ. ನಾನು ಅವನ ತೋಳು ಹಿಡಿದು ಹಿಂದಕ್ಕೆ ಕರೆದು ತೋರಿಸಬೇಕಾಯಿತು. "ಓ, ಇದೊಂದಿದೆಯಾ" ಎಂದ ಅವನು, ನನಗೂ ಅದಕ್ಕೂ ಒಟ್ಟಿಗೆ.

ನಾವು ಆಗ ತಾನೇ ಜಯನಗರದಲ್ಲಿ ಮನೆ ಕಟ್ಟಿಕೊಂಡಿದ್ದೆವು. ಈಗ ನೋಡಿದವರಿಗೆ ನಂಬಿಕೆ ಬರುವುದಿಲ್ಲ, ಆಗ ಅದು ಮನೆಗಳಿಗಿಂತ ಸೈಟುಕಲ್ಲುಗಳು ಹೆಚ್ಚಿದ್ದ ಊರು. ಎತ್ತ ನೋಡಿದರೂ ಲಂಟಾನದ ಪೊದೆ, ತಂಗಡಿ ಗಿಡ, ಮಧ್ಯೆ ಮಧ್ಯೆ ನಂಬರು ಕೆತ್ತಿದ ಗಿಡ್ಡ ಕಲ್ಲುಗಳು. ಸಂಜೆಯ ಬೆಳಕಿನಲ್ಲಿ ಅವು ಏನನ್ನು ನೆನಪಿಗೆ ತರುತ್ತಿದ್ದವು ಎಂದು ನಾನು ಹೇಳಬೇಕಾಗಿಲ್ಲ. ಬಸವನಗುಡಿಯ ನೆಂಟರು ನಮ್ಮನ್ನು ನೋಡಲು ಬರುವಾಗ ಹಗಲಲ್ಲೇ ಟಾರ್ಚು ತರುತ್ತಿದ್ದರು. ಕುರ್ಚಿಯನ್ನು ಜಟಕಾದಲ್ಲಿ ಹೇರಿಕೊಂಡು ಬರುವಾಗ ಸೌತ್ ಎಂಡ್ ದಾಟುತ್ತಿದ್ದಂತೆ ಕುದುರೆ ನಿಂತುಬಿಟ್ಟಿತು. ಗಾಡಿಯವನು ಎಷ್ಟು ಗದರಿಸಿದರೂ ಕದಲಲಿಲ್ಲ, ಕತ್ತು ತಿರುಗಿಸಿ ಕುರ್ಚಿಯನ್ನೇ ನೋಡಿತು. ನಾನು ಕೆಳಗಿಳಿದು ಅದರ ಮುಂದೆ ನಿಂತೆ. ಆಮೇಲೆ ಗೊತ್ತಾಯಿತು, ಕುರ್ಚಿಯ ಕಾಲಿಗೆ ಸುತ್ತಿದ್ದ ಹುಲ್ಲನ್ನು ಅದು ನೋಡುತ್ತಿತ್ತು. ಆ ಕುರ್ಚಿಯ ವಿಷಯದಲ್ಲಿ ಪ್ರತಿಯೊಂದಕ್ಕೂ ಹೀಗೆ ಒಂದು ಸರಳವಾದ ಕಾರಣ ಸಿಕ್ಕಿದೆ, ನಾನು ಇಲ್ಲ ಎನ್ನುವುದಿಲ್ಲ.

ಕುರ್ಚಿ ತಂದದ್ದು ತುಂಗತ್ತೆಗಾಗಿ. ತುಂಗತ್ತೆ ನಮ್ಮ ತಂದೆಯ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವಳು, ತಾಯಿಯಿಲ್ಲದ ನನ್ನನ್ನು ಸಾಕಿದವಳು. ನನಗೆ ಮದುವೆಯಾದ ಮೇಲೂ ನನ್ನ ಜೊತೆಯೇ ಇದ್ದಳು. ಆಕೆಯ ಧ್ವನಿ ಎಂದರೆ ಧ್ವನಿ. ಬಾಗಿಲಲ್ಲಿ ನಿಂತು, "ತಡ್ಯಪ್ಪಾ" ಎಂದರೆ ಎರಡು ಬೀದಿ ಆಚೆ ಬಸ್ಸಿನ ಡ್ರೈವರು ಬ್ರೇಕು ಹಾಕುತ್ತಿದ್ದ. ಹಾಲಿಗೆ ನೀರು ಬೆರೆಸಿದ ವಿಷಯ ಯಡಿಯೂರಿನ ಹಾಲಿನ ನಂಜಮ್ಮನಿಗೆ ತಿಳಿಯುವ ಮೊದಲೇ ಬಡಾವಣೆಗೆಲ್ಲ ತಿಳಿಯುತ್ತಿತ್ತು. ಇಂಥ ಅತ್ತೆಗೆ ಮೊಣಕಾಲು ಹಿಡಿದುಕೊಂಡು, ಮಣೆಯ ಮೇಲೆ ಕೂತರೆ ಏಳಲು ಆಗುತ್ತಿರಲಿಲ್ಲ. ನಡುಮನೆಯ ಕಿಟಕಿಯ ಪಕ್ಕ ಕುರ್ಚಿ ಹಾಕಿದೆ. ಗೀಟನ್ನು ಉಪ್ಪುಕಾಗದ ಹಾಕಿ ಉಜ್ಜಿದೆ. ಹೋಯಿತು ಎಂದುಕೊಂಡರೆ, ಮೋಡ ಮುಸುಕಿದ ದಿನ ಮತ್ತೆ ಮೂಡುತ್ತಿತ್ತು. ಮರ ಬಣ್ಣ ಕುಡಿದಿದೆ ಎಂದು ಬಡಗಿ ಹೇಳಿದ. ಬೆನ್ನನ್ನು ಗೋಡೆಗೆ ತಿರುಗಿಸಿ ಇಟ್ಟೆ.

ಅತ್ತೆಗೆ ಕುರ್ಚಿ ಹಿಡಿಸಿತು. ಅದಕ್ಕಿಂತ ಹೆಚ್ಚಾಗಿ ಅದರ ಜೊತೆಗೆ ಬಂದ ಮಾತು ಹಿಡಿಸಿತು. ನಾನು ಆ ಮಾತನ್ನು ಮನೆಗೆ ತಂದಾಗಿನಿಂದ ನಮ್ಮಲ್ಲಿ ಕಂಡೆಮ್ಮಿನ ಸುಗ್ಗಿ. ಸರೋಜ ದೋಸೆ ಕಾವಲಿಯನ್ನು ಕಂಡೆಮ್ ಮಾಡಿದಳು, ಮಕ್ಕಳು ನನ್ನ ಕೊಡೆಯನ್ನು ಮಾಡಿದರು. ಅತ್ತೆಗೆ ಕಾವಲಿ ಕೊಡೆ ಸಾಲಲಿಲ್ಲ. "ಎಡಗಣ್ಣು ಕಂಡಮ್ ಕಣೋ ಕಿಟ್ಟು," ಎನ್ನುವಳು ಬೆಳಗ್ಗೆ, ನನ್ನನ್ನು ಕರೆದು. ಮಧ್ಯಾಹ್ನ ಊಟಕ್ಕೆ ಕೂತಾಗ, "ಬಲಗಡೆ ಹಲ್ಲೆಲ್ಲ ಕಂಡಮ್. ಮೊಣಕಾಲಂತೂ ಎಂದೋ ಕಂಡಮ್." ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಅಲ್ಲ ಎನ್ನುವುದಕ್ಕೂ ಆಗುತ್ತಿರಲಿಲ್ಲ, ಅಷ್ಟೂ ನಿಜವಾಗಿತ್ತು. ಹೀಗೆ ತನ್ನನ್ನು ತಾನೇ ಕೋಲಿನಿಂದ ತಟ್ಟಿ ತಟ್ಟಿ ನೋಡುತ್ತಾ, ಅತ್ತೆ ಆ ಕುರ್ಚಿಯಲ್ಲಿ ಕೂತು ದಿನ ಕಳೆದಳು.

ಮೊದಲು ಶುರುವಾದದ್ದು ನಂಜಮ್ಮನಿಂದ. ಒಂದು ಬೆಳಗ್ಗೆ ಹಾಲು ಅಳೆಯುತ್ತಾ, "ಅಲ್ಲಾ ಅಮ್ಮೋರೇ, ದೊಡ್ಡಮ್ಮೋರು ಊರ್ಗೋಗವ್ರಾ? ಕಾಣಾಕೇ ಇಲ್ಲ," ಎಂದಳು. ಅತ್ತೆ ಅವಳ ಎದುರಿಗೇ, ತೆರೆದ ಬಾಗಿಲಿನಿಂದ ನೇರವಾಗಿ ಕಾಣುವ ಜಾಗದಲ್ಲಿ ಕೂತಿದ್ದಳು. ಸರೋಜ ನಕ್ಕು ಕೈ ತೋರಿಸಿದಳು. ನಂಜಮ್ಮ ಕಣ್ಣು ಕಿರಿದು ಮಾಡಿ ನೋಡಿ, "ಅಯ್, ಅಲ್ಲೇ ಅವ್ರೆ," ಎಂದು ಸ್ವಲ್ಪ ಹಿಂದೆ ಸರಿದಳು. ಅದಾದ ಮೇಲೆ ಎದುರು ಸೈಟಿನ ಪದ್ಮಮ್ಮ ಅರಿಶಿನ ಕುಂಕುಮಕ್ಕೆ ಕರೆಯಲು ಬಂದವರು, ಬಿಸಿಲಲ್ಲಿ ನಡೆದು ದಣಿದಿದ್ದರು, "ಉಸ್ಸಪ್ಪಾ" ಎನ್ನುತ್ತಾ ಸೀದಾ ಹೋಗಿ ಅತ್ತೆಯ ತೊಡೆಯ ಮೇಲೆ ಕೂತರು. ಕೂತವರು ಕಿರುಚಿಕೊಂಡ ರೀತಿಗೆ ತೆಂಗಿನ ಗಿಡದ ಕಾಗೆಗಳೆಲ್ಲ ಎದ್ದವು. ಪದ್ಮಮ್ಮನವರ ಕನ್ನಡಕ ಬದಲಾಯಿಸಬೇಕಾಗಿತ್ತು ಎಂದು ಅವರ ಯಜಮಾನರೇ ಬಂದು ಕ್ಷಮೆ ಕೇಳಿದರು. ನನಗೆ ನಗು ಬಂತು. ಆದರೆ ಅತ್ತೆ ಕಿರುಚಿರಲಿಲ್ಲ. ಬೇರೆ ದಿನವಾಗಿದ್ದರೆ ಆಕೆಯ ಬೈಗುಳ ಲಾಲ್‌ಬಾಗಿನವರೆಗೆ ಕೇಳಬೇಕಿತ್ತು. ಅವತ್ತು ಸುಮ್ಮನೆ ಸೀರೆ ಸರಿಮಾಡಿಕೊಂಡಳು.

ಆಮೇಲೆ ಎಲೆ ಹಾಕುವಾಗ ಒಂದು ಎಲೆ ಕಡಿಮೆ ಬೀಳತೊಡಗಿತು. ಸರೋಜ ಹಾಗೆ ಮಾಡುವವಳಲ್ಲ. ಅತ್ತೆಗೆ ಬಡಿಸದೆ ತಾನು ಒಂದು ತುತ್ತು ತಿಂದವಳಲ್ಲ. "ಅಯ್ಯೋ ನನ್ನ ಮರೆವಿಗಿಷ್ಟು" ಎಂದು ಓಡಿ ಇನ್ನೊಂದು ಎಲೆ ತರುವಳು. ಮರುದಿನ ಮತ್ತೆ ಹಾಗೆಯೇ. ಅತ್ತೆಯ ಧ್ವನಿಯೂ ಇಳಿಯುತ್ತಾ ಬಂತು. ಹತ್ತಿರ ಹೋಗಿ ಬಗ್ಗಿದರೆ ಮಾತ್ರ ಕೇಳುತ್ತಿತ್ತು. ವಯಸ್ಸಾಯಿತು, ಶೀತ, ಈ ಬಯಲಿನ ಗಾಳಿ, ಎಂದು ನಾನೇ ಎಲ್ಲರಿಗೂ ಕಾರಣ ಹಂಚುತ್ತಿದ್ದೆ. ಡಾಕ್ಟರು ಬಂದು ನೋಡಿ, ಏನೂ ಇಲ್ಲ ಎಂದರು. ಹೋಗುವಾಗ ಬಾಗಿಲಲ್ಲಿ ನಿಂತು, "ಪೇಷೆಂಟು ಯಾರು ಅಂದ್ರಿ?" ಎಂದು ಕೇಳಿದರು. ಮರೆಗುಳಿ ಡಾಕ್ಟರು ಎಂದು ಅವರಿಗೆ ಮೊದಲಿನಿಂದಲೂ ಹೆಸರಿತ್ತು.

ಬಸವನಗುಡಿಯಲ್ಲಿ ಸರೋಜಳ ಅಣ್ಣನ ಮಗಳ ಮದುವೆ. ಅತ್ತೆ ಎಲ್ಲರಿಗಿಂತ ಮೊದಲೇ ಒಳ್ಳೆ ಸೀರೆ ಉಟ್ಟು, ಕೈಯಲ್ಲಿ ಚೀಲ ಹಿಡಿದು ತಯಾರಾಗಿ ಕುರ್ಚಿಯಲ್ಲಿ ಕೂತಿದ್ದಳು. ನಾವು ಮಕ್ಕಳಿಗೆ ತಲೆ ಬಾಚಿ, ಬೂಟು ಹುಡುಕಿ, ಕಿಟಕಿ ಹಾಕಿ, ಬೀಗ ಹಾಕಿ, ಬೀಗವನ್ನು ಒಂದು ಸಲ ಎಳೆದು ನೋಡಿ ಹೊರಟೆವು. ಮದುವೆಮನೆಯಲ್ಲಿ ಯಾರೋ, "ತುಂಗಮ್ಮ ಎಲ್ಲಿ?" ಎಂದರು. "ಇಲ್ಲೇ ಎಲ್ಲೋ ಇದಾರೆ," ಎಂದೆ ನಾನು. ಸರೋಜಳನ್ನು ಕೇಳಿದವರಿಗೆ ಅವಳೂ ಹಾಗೆಯೇ ಹೇಳಿದಳಂತೆ. ಸುಳ್ಳು ಹೇಳುತ್ತಿದ್ದೇವೆ ಎಂದು ಇಬ್ಬರಿಗೂ ಅನ್ನಿಸಲಿಲ್ಲ. ಊಟ ಮುಗಿಸಿ, ತಾಂಬೂಲ ತೆಗೆದುಕೊಂಡು, ದೀಪ ಹಚ್ಚುವ ಹೊತ್ತಿಗೆ ವಾಪಸು ಬಸ್ಸಿಳಿದು ಸೈಟುಕಲ್ಲುಗಳ ಮಧ್ಯೆ ನಡೆದು ಬರುತ್ತಿದ್ದೆವು. ಎಲ್ಲೋ ಏನೋ ಸರಿಯಿಲ್ಲ ಎನ್ನಿಸಿತು. ತುಂಬ ನಿಶ್ಶಬ್ದ. ಬೇರೆ ದಿನವಾಗಿದ್ದರೆ ಆ ದಾರಿಯುದ್ದಕ್ಕೂ ಮದುವೆಮನೆಯ ಸಾರಿನ ಮೇಲೆ, ಗಂಡಿನ ಕಡೆಯವರ ಮೂಗಿನ ಮೇಲೆ ಅತ್ತೆಯ ವ್ಯಾಖ್ಯಾನ ನಡೆಯಬೇಕಿತ್ತು. ಸರೋಜ ತಟಕ್ಕನೆ ನಿಂತಳು. "ರೀ, ಅತ್ತೆ?" ಎಂದಳು.

ನಾನು ಓಡಿದೆ. ಪಂಚೆ ಉಟ್ಟು, ಕೈಯಲ್ಲಿ ತೆಂಗಿನಕಾಯಿ ಹಿಡಿದು ಓಡುವ ಗಂಡಸನ್ನು ನೋಡಿ ನಗಬೇಕಾದ್ದೇ, ಆದರೆ ಆ ಬಯಲಿನಲ್ಲಿ ನಗುವುದಕ್ಕೂ ಯಾರೂ ಇರಲಿಲ್ಲ. ಬೀಗ ತೆಗೆದೆ. ಒಳಗೆ ಕತ್ತಲೆ. ಬೆತ್ತ ಒಂದು ಸಲ ಕಿರುಗುಟ್ಟಿತು. ಸ್ವಿಚ್ಚು ಹಾಕಿದೆ. ಕುರ್ಚಿ ಖಾಲಿಯಾಗಿತ್ತು. ಈಗ ಇದನ್ನು ನೀವು ನಂಬಿ, ಬಿಡಿ, ನಾನು ಕಂಡದ್ದನ್ನು ಹೇಳುತ್ತೇನೆ: ಕುರ್ಚಿ ಖಾಲಿಯಾಗಿತ್ತು. "ಅತ್ತೆ!" ಎಂದು ಕೂಗಿದೆ. ಆಗ ಕಂಡಳು. ಎಲ್ಲಿಂದಲೋ ಬಂದಹಾಗಲ್ಲ. ಇದ್ದವಳೇ, ಅದೇ ಸೀರೆಯಲ್ಲಿ, ಅದೇ ಚೀಲ ಹಿಡಿದುಕೊಂಡು ಕಂಡಳು. ಬಲ್ಬಿನ ಬೆಳಕಿಗೆ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಗುತ್ತದೆ, ನನಗೂ ಗೊತ್ತು.

"ಬೀಗ ಹಾಕ್ಕೊಂಡು ಹೋದ್ರಿ," ಎಂದಳು, ಪಿಸುಮಾತಿನಲ್ಲಿ. "ಕೂಗ್ದೆ ಕಣೋ. ನೀನು ಬೀಗ ಎಳೆದು ನೋಡ್ತಿದ್ದೆಯಲ್ಲ, ಆವಾಗ ಕಿಟಕಿ ಗಾಜಿನ ಹತ್ರಾನೇ ನಿಂತು ಕೂಗ್ದೆ. ನನ್ ಕಡೇನೇ ನೋಡ್ದೆ ನೀನು. ನೋಡಿ ಹೋದೆ." ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೇಳಿದಳು, "ಕಿಟ್ಟು, ನಾನು ಇದೀನೇನೋ?"

ನನ್ನ ಕಣ್ಣಲ್ಲಿ ನೀರು ಬಂತು. ನಾಚಿಕೆಯಿಂದಲೋ ಹೆದರಿಕೆಯಿಂದಲೋ ತಿಳಿಯದು. ಆಕೆಯ ಕಾಲು ಹಿಡಿದುಕೊಂಡು, "ಇದೀರಿ ಅತ್ತೆ, ಇದೀರಿ," ಎಂದು ಹೇಳುತ್ತಲೇ ಇದ್ದೆ. ಇನ್ನು ಆ ಕುರ್ಚಿ ಮನೆಯಲ್ಲಿದ್ದರೆ ಅತ್ತೆ ನಮಗೆ ಉಳಿಯುವುದಿಲ್ಲ ಎಂದು ನನಗೆ ಖಾತ್ರಿಯಾಯಿತು.

ಆದರೆ ಕಂಡೆಮ್ ಆದದ್ದನ್ನು ಬಿಸಾಡುವುದು ಹೇಗೆ? ಅದಾಗಲೇ ಬಿಸಾಡಿಯಾದದ್ದು. ಹಳೇ ಸಾಮಾನಿನವನು ತಳ್ಳುಗಾಡಿ ತಂದಾಗ ಕುರ್ಚಿಯನ್ನು ಅಂಗಳದಲ್ಲಿಟ್ಟೆ. ಅವನು ತೂತು ಬಿದ್ದ ಬಕೆಟ್ಟು, ತುಕ್ಕು ಹಿಡಿದ ಸರಪಳಿ, ಕೊನೆಗೆ ನಮ್ಮ ಉಪಯೋಗದಲ್ಲಿದ್ದ ನೀರಿನ ಹಂಡೆಯನ್ನು ಕೂಡ ಬೆಲೆ ಕಟ್ಟಿ ನೋಡಿದ. ಕುರ್ಚಿಯ ಕೈಯ ಮೇಲೆ ತನ್ನ ಟವಲನ್ನು ಒಣಹಾಕಿ, ಹೋಗುವಾಗ ಟವಲು ತೆಗೆದುಕೊಂಡು ಹೋದ. ಹಿಂದಿನ ಖಾಲಿ ಸೈಟಿನಲ್ಲಿ ಇಟ್ಟು ಬಂದೆ. ಸೈಟುಕಲ್ಲನ್ನೂ ಬಿಡದೆ ಕದಿಯುತ್ತಿದ್ದ ಕಾಲ ಅದು. ಕುರ್ಚಿಯನ್ನು ಯಾರೂ ಕದಿಯಲಿಲ್ಲ. ವಾರ ಕಳೆಯಿತೋ ಇಲ್ಲವೋ, ಬೆಳಗ್ಗೆ ಎದ್ದು ನೋಡಿದರೆ ಅದು ನಮ್ಮ ಬಾಗಿಲ ಮುಂದೆ ಕೂತಿತ್ತು. ನನ್ನ ಜೀವವೇ ಹಾರಿತು. ಅಷ್ಟರಲ್ಲಿ ಪಕ್ಕದಲ್ಲಿ ಮನೆ ಕಟ್ಟುವಲ್ಲಿದ್ದ ಕಾವಲುಗಾರ ಕೆಮ್ಮುತ್ತಾ ಬಂದ. "ಸಾರ್, ಗೌರ್ಮೆಂಟ್ ಗುರ್ತು ಇತ್ತು ಬೆನ್ ಮ್ಯಾಲೆ. ಈ ಕಡೆ ಗೌರ್ಮೆಂಟ್ನೋರು ಅಂದ್ರೆ ನೀವೇ ಅಲ್ವಾ. ಅದ್ಕೇ ತಂದಿಟ್ಟೆ," ಎಂದ. ಅಷ್ಟು ದಿನ ಅದರ ಪಕ್ಕದಲ್ಲೇ ಕೂತು ಬೀಡಿ ಸೇದುತ್ತಿದ್ದರೂ ಅವನು ನೋಡಿರಲಿಲ್ಲವಂತೆ. ಎಡವಿ ಬಿದ್ದಾಗ ಗೊತ್ತಾಯಿತಂತೆ.

"ಒಡೆದು ಹಂಡೆ ಒಲೆಗೆ ಹಾಕಿ," ಎಂದಳು ಸರೋಜ. ಅದೇ ಸರಿ ಎನ್ನಿಸಿತು. ಭಾನುವಾರ ಬೆಳಗ್ಗೆ, ಒಳ್ಳೆ ಬಿಸಿಲಿನಲ್ಲಿ, ಹಿತ್ತಿಲಲ್ಲಿ ಕುರ್ಚಿಯನ್ನು ನಿಲ್ಲಿಸಿ ಕೊಡಲಿ ಎತ್ತಿದೆ. ಅತ್ತೆ ಬಾಗಿಲು ಹಿಡಿದುಕೊಂಡು ಬಂದು ನಿಂತಳು.

"ಒಡೀಬೇಡ ಕಣೋ," ಎಂದಳು. "ಯಾರೋ ಇದಾರೆ ಅದರಲ್ಲಿ."

ಕೊಡಲಿ ಮೇಲೇ ಉಳಿಯಿತು.

"ನಾನು ಕೂರೋಕೆ ಹೋದಾಗ್ಲೆಲ್ಲ ಯಾರೋ ಎದ್ದು ಜಾಗ ಬಿಟ್ಟ ಹಾಗೆ ಆಗ್ತಿತ್ತು. ಬೆತ್ತ ಬಿಸಿ ಇರೋದು, ಈಗ ತಾನೇ ಎದ್ದು ಹೋದ ಹಾಗೆ. ಮರ್ಯಾದಸ್ಥರು ಕಣೋ, ಪಾಪ. ನನಗೇನೂ ಮಾಡ್ಲಿಲ್ಲ. ಯಾರೂ ಕರೀಲಿಲ್ಲ ಅವರನ್ನ, ಅಷ್ಟೇ." ಆಮೇಲೆ, ತನಗೇ ಹೇಳಿಕೊಂಡಂತೆ, "ನೀನು ಅವತ್ತು 'ಅತ್ತೆ' ಅಂತ ಕೂಗ್ದೆಯಲ್ಲ, ಆವಾಗ ನನಗೆ ಮೈ ಬಂದ ಹಾಗಾಯ್ತು. ಕರೀಬೇಕು ಕಣೋ. ಕರೆದ್ರೆ ಸಾಕು," ಎಂದಳು.

ಕಿಟಕಿಯ ಬಿಸಿಲಿಗೆ ಬೆತ್ತ ಕಾದಿರುತ್ತದೆ ಎಂದು ನಾನು ಸಮಾಧಾನ ಹೇಳಿಕೊಂಡೆ. ಆ ಕಿಟಕಿ ಉತ್ತರಕ್ಕಿದೆ. ಅದರಲ್ಲಿ ಬಿಸಿಲು ಬಂದದ್ದನ್ನು ನಾನು ಇವತ್ತಿನವರೆಗೆ ಕಂಡಿಲ್ಲ.

ಹೀಗಾಗಿ ಕುರ್ಚಿ ಒಳಗೆ ಬಂತು. ಅತ್ತೆ ಮತ್ತೆ ಅದರಲ್ಲಿ ಕೂರಬಾರದು ಎಂದು ಆಕೆಗೆ ಎತ್ತರದ ಒಂದು ಸ್ಟೂಲು ಮಾಡಿಸಿದೆ. ಆದರೂ ನಂಬಿಕೆ ಸಾಲದೆ, ಮನೆಯಲ್ಲಿದ್ದಾಗೆಲ್ಲ ನಾನೇ ಆ ಕುರ್ಚಿಯನ್ನು ಹಿಡಿದು ಕೂತೆ. ಊಟಕ್ಕೆ ಮುಂಚೆ ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಕರೆಯಬೇಕು, ಬಾಗಿಲಿಗೆ ಬೀಗ ಹಾಕುವ ಮುಂಚೆ ಕುರ್ಚಿಯ ಕಡೆ ತಿರುಗಿ ಒಂದು ಸಲ ಕೂಗಬೇಕು ಎಂದು ಅತ್ತೆ ಪದ್ಧತಿ ಮಾಡಿದಳು. ಕಂಡೆಮ್ ಎಂಬ ಮಾತು ಬಾಯಿಗೆ ಬಂದರೆ ಬಾಯಿ ಮುಕ್ಕಳಿಸಬೇಕು ಎಂದು ನಾನು ಸೇರಿಸಿದೆ. ಸ್ವಲ್ಪ ದಿನದಲ್ಲೇ ಒಂದು ಬೆಳಗ್ಗೆ, "ನಂಜಮ್ಮಾ, ಇದು ಹಾಲೇನೇ, ಯಡಿಯೂರು ಕೆರೆಯೇನೇ?" ಎಂಬ ಕೂಗು ಕೇಳಿ ನಾನು ಹಾಸಿಗೆಯಲ್ಲೇ ಕೈ ಮುಗಿದೆ. ಅವತ್ತು ನಂಜಮ್ಮನೂ ಸಂತೋಷದಿಂದಲೇ ಬೈಸಿಕೊಂಡಳು. ಎದುರು ಸೈಟಿನ ಪದ್ಮಮ್ಮ ಮಾತ್ರ ಆಮೇಲೆ ನಮ್ಮ ಮನೆಯಲ್ಲಿ ನಿಂತೇ ಮಾತಾಡಿ ಹೋಗುತ್ತಿದ್ದರು.

ಕುರ್ಚಿಯಲ್ಲಿ ಕೂತ ನನಗೆ ಏನಾಯಿತು ಎಂದು ಕೇಳುತ್ತೀರಿ. ನಿಜ ಹೇಳಬೇಕೆಂದರೆ, ಬಹಳ ಸುಖವಾಯಿತು. ಗಣೇಶನ ಚಂದಾ ಕೇಳಲು ಬಂದವರು ಬಾಗಿಲಲ್ಲಿ ಇಣುಕಿ, "ಯಜಮಾನ್ರಿಲ್ಲ" ಎಂದು ತಾವೇ ಹೇಳಿಕೊಂಡು ಹೋದರು. ಮಕ್ಕಳ ಲೆಕ್ಕದ ಸಂಶಯಗಳು ಸರೋಜಳ ಹತ್ತಿರ ಹೋದವು. ಷಡ್ಡಕರು ಬಂದು, ನನ್ನ ಎದುರಿಗೇ ಕೂತು, ನನ್ನ ಬಗ್ಗೆ ತಮಗಿದ್ದ ಅಭಿಪ್ರಾಯವನ್ನೆಲ್ಲ ಸರೋಜಳಿಗೆ ಬಿಡಿಸಿ ಹೇಳಿದರು. ಅಷ್ಟು ತಿಳಿವಳಿಕೆ ನನಗೆ ಬೇರೆ ಎಲ್ಲೂ ಸಿಕ್ಕಿರಲಿಲ್ಲ. ಬೆತ್ತ ಬಿಸಿ ಇರುತ್ತಿತ್ತು, ಹೌದು. ಕೂರುವಾಗ ನಾನೂ ಒಂದು ಕ್ಷಣ ನಿಂತು, "ಏಳಬೇಡಿ, ಪರವಾಗಿಲ್ಲ," ಎನ್ನುವ ಅಭ್ಯಾಸ ಮಾಡಿಕೊಂಡೆ. ತೀರ ಮರೆತುಹೋಗುವ ಭಯ ನನಗಿರಲಿಲ್ಲ. ಏಕೆಂದರೆ ಸಂಜೆ ಕಾಫಿಯ ಹೊತ್ತಿಗೆ ಅಡಿಗೆಮನೆಯಿಂದ ಆ ಧ್ವನಿ ಬರುತ್ತಿತ್ತು: "ಕಿಟ್ಟು, ಇದೀಯೇನೋ?" ನಾನು, "ಇದೀನಿ ಅತ್ತೆ," ಎನ್ನುತ್ತಿದ್ದೆ. ಆಗ ಎಲ್ಲರೂ ಹೌದಲ್ಲ ಎನ್ನುವಂತೆ ನನ್ನ ಕಡೆ ತಿರುಗುತ್ತಿದ್ದರು. ಕುರ್ಚಿಯ ಕಡೆ ಕೈ ತೋರಿಸಿ ಅತ್ತೆ ಇನ್ನೊಂದು ಮಾತು ಸೇರಿಸುತ್ತಿದ್ದಳು: "ನೀವೂ ಇದೀರಲ್ಲಪ್ಪ?" ಅದಕ್ಕೆ ಬೆತ್ತ ಸಣ್ಣಗೆ ಒಂದು ಸಲ ಕಿರುಗುಟ್ಟುತ್ತಿತ್ತು.

ತುಂಗತ್ತೆ ಹೋದ ಚಳಿಗಾಲದಲ್ಲಿ ತೀರಿಕೊಂಡಳು. ಜೋರಾಗಿ ಮಾತಾಡುತ್ತಲೇ ಹೋದಳು. ಕೊನೆಯ ದಿನ ಕೂಡ ಎರಡು ಬೀದಿಯವರು ಏನಾಯಿತು ಎಂದು ಬಂದು ನೋಡಿದರು, ಅದಕ್ಕಿಂತ ನನಗೇನು ಬೇಕು. ಆಕೆಯಿಲ್ಲದ ಮನೆ ಈಗ ಅಭ್ಯಾಸವಾಗಿದೆ. ಹೆಸರು ಹಿಡಿದು ಕರೆಯುವ ಪದ್ಧತಿ ಒಂದೆರಡು ತಿಂಗಳು ನಡೆಯಿತು. ಮಕ್ಕಳು ಈಗ ದೊಡ್ಡವರಾಗಿದ್ದಾರೆ, ಅವರಿಗೆ ನಗು ಬರುತ್ತದೆ. ಸರೋಜಳಿಗೆ ನೂರೆಂಟು ಕೆಲಸ.

ಇವತ್ತು ಸರೋಜಳ ಅಣ್ಣನ ಮನೆಯಲ್ಲಿ ಸತ್ಯನಾರಾಯಣ ಪೂಜೆ. ನಾನು ಬೇಗನೆ ತಯಾರಾಗಿ, ಮಡಿ ಪಂಚೆ ಉಟ್ಟು, ಕುರ್ಚಿಯಲ್ಲಿ ಕೂತು ಇದನ್ನು ಬರೆಯಲು ಶುರು ಮಾಡಿದೆ. ಷಡ್ಡಕರ ಬಗ್ಗೆ ಬರೆಯುವ ಹೊತ್ತಿಗೆ ಸರೋಜ ಇಲ್ಲಿ ಬಂದು ಸುತ್ತ ನೋಡಿ, "ಇವ್ರು ಮುಂದೆ ಹೋದ್ರೇನೋ, ಹೇಳೋದೇ ಇಲ್ಲ," ಎಂದು ಗೊಣಗಿ ಕಿಟಕಿ ಹಾಕಿದಳು. ಏಳೋಣವೆಂದುಕೊಂಡೆ. ಷಡ್ಡಕರು ಅಲ್ಲಿಗೂ ಬಂದಿರುತ್ತಾರೆ ಎಂಬುದು ನೆನಪಾಯಿತು, ಸುಮ್ಮನಾದೆ. ಬೀಗ ಹಾಕಿದ ಸದ್ದು ಕೇಳಿತು, ಒಂದು ಸಲ ಎಳೆದು ನೋಡಿದ ಸದ್ದೂ ಕೇಳಿತು. ಹೆಜ್ಜೆ ಸದ್ದು ಗೇಟು ದಾಟಿ ಹೋಯಿತು. ಈಗ ಸಂಜೆಯಾಗುತ್ತಾ ಬಂದಿದೆ. ಕಾಫಿಯ ಹೊತ್ತು. ಬೆತ್ತ ಬೆಚ್ಚಗಿದೆ. ಯಾರೂ ಕೇಳದಿದ್ದರೂ, ಸುಮ್ಮನೆ ಒಂದು ಸಲ, "ಇದೀನಿ ಅತ್ತೆ," ಎಂದೆ. ನನಗಂತೂ ಕೇಳಿಸಿತು.